ಒಲೆ ಹಾಕುವವರಿಗೆ ಗೊತ್ತಿರುವ ವಿಷಯ

ಮೈಸೂರಿನಲ್ಲಿ ಸ್ವಂತದ್ದೋ ಬಾಡಿಗೆಯದ್ದೋ ಒಂದು ಮನೆ ಇದೆ ಅಂದರೆ, ದಸರಾ ಹತ್ತು ದಿನ ಅದು ಛತ್ರ. ನಮ್ಮ ಮನೆಯೂ ಅಷ್ಟೇ. ಹಾಲ್ ತುಂಬಾ ಚಾಪೆ, ಪಕ್ಕದ ಮನೆಯಿಂದ ಇಸ್ಕೊಂಡು ಬಂದ ದಿಂಬು, ಬಚ್ಚಲಿನ ಮುಂದೆ ಸಾಲು. ಕೆಲವು ವರ್ಷಗಳ ಹಿಂದೆ ಹೀಗೇ ಬಂದವರಲ್ಲಿ ದೊಡ್ಡಪ್ಪನೂ ಒಬ್ಬ. ಪಾಂಡವಪುರದ ಹತ್ತಿರದ ಊರು. ಎಪ್ಪತ್ತು ದಾಟಿತ್ತು. ನಮ್ಮ ಕಡೆ ದೊಡ್ಡಪ್ಪನಿಗೆ ಬಹುವಚನ ಹಚ್ಚಿದರೆ ಅವನೇ ಮುಖ ತಿರುಗಿಸುತ್ತಾನೆ. ಹಾಗಾಗಿ ಇಲ್ಲೂ ಏಕವಚನವೇ, ತಪ್ಪು ತಿಳಿಯಬೇಡಿ.

ಅವನು ಮೂವತ್ತು ವರ್ಷಕ್ಕೂ ಜಾಸ್ತಿ ಆಲೆಮನೆಯಲ್ಲಿ ಕೆಲಸ ಮಾಡಿದವನು. ಗಾಣಕ್ಕೆ ಕಬ್ಬು ಕೊಡುವ ಕೆಲಸವಲ್ಲ, ಪಾಕ ತಿರುವುವ ಕೆಲಸವೂ ಅಲ್ಲ. ಒಲೆಗೆ ಉರಿ ಹಾಕುವ ಕೆಲಸ. ಒಣಗಿದ ಕಬ್ಬಿನ ಸಿಪ್ಪೆಯನ್ನು ಹಿಡಿ ಹಿಡಿಯಾಗಿ ಒಲೆಯ ಬಾಯಿಗೆ ತಳ್ಳುತ್ತಾ ಕೂರುವುದು. ಚಿಕ್ಕವಳಿದ್ದಾಗ ನನಗೆ ಅದು ಕೆಲಸ ಅಂತಲೇ ಅನ್ನಿಸುತ್ತಿರಲಿಲ್ಲ. ಎಲ್ಲರೂ ಮೇಲೆ ಕೊಪ್ಪರಿಗೆ ಸುತ್ತ ಬೆಲ್ಲದ ಘಮದಲ್ಲಿ ಓಡಾಡುತ್ತಿದ್ದರೆ, ಇವನೊಬ್ಬ ಕೆಳಗೆ ಗುಂಡಿಯಲ್ಲಿ ಕೂತು ಬೆಂಕಿ ನೋಡುತ್ತಿದ್ದ.

ಬಲೂನಿನ ಬಗ್ಗೆ ಬರೆಯಲು ಕೂತವಳು ಆಲೆಮನೆಗೆ ಹೋಗಿಬಿಟ್ಟೆ. ಇರಲಿ, ಅದಕ್ಕೂ ಕಾರಣ ಇದೆ.

ದಸರಾದಲ್ಲಿ ಬಿಸಿಗಾಳಿ ಬಲೂನು ಹಾರಿಸುತ್ತಾರೆ ಅಂತ ಪೇಪರಿನಲ್ಲಿ ಫೋಟೋ ನೋಡಿ ನನ್ನ ಮಗ ಹಟ ಹಿಡಿದ. ದೊಡ್ಡಪ್ಪನಿಗೆ ಆನೆ, ದೀಪ, ಪಂಜಿನ ಕವಾಯತು ಎಲ್ಲ ನೋಡಿ ಮುಗಿದಿತ್ತು. "ಅದೇನೋ ಬೆಂಕಿ ಬಲೂನಂತೆ, ನಾನೂ ಬತ್ತೀನಿ ಕಣವ್ವ" ಅಂದ. ಬೆಂಕಿ ಅನ್ನುವ ಮಾತಿಗೆ ಅವನ ಕಿವಿ ನಿಮಿರಿತ್ತು ಅಂತ ಈಗ ಅನ್ನಿಸುತ್ತದೆ.

ಸಂಜೆ ಲಲಿತಮಹಲ್ ಅರಮನೆ ಕಡೆಯ ಬಯಲಿಗೆ ಹೋದೆವು. ನಾಲ್ವಡಿಯವರು ವೈಸರಾಯ್‌ಗೆಂದು ಕಟ್ಟಿಸಿದ ಬಿಳಿ ಅರಮನೆ, ಅಡಿಗಲ್ಲು ಬಿದ್ದದ್ದು 1921ರಲ್ಲಿ. ಹಿಂದೆ ಚಾಮುಂಡಿ ಬೆಟ್ಟ. ಬೆಟ್ಟದ ಮೇಲೆ ಮೋಡ. ಜನ ಜಾತ್ರೆ ಥರ ಸೇರಿದ್ದರು. ಕಡ್ಲೆಕಾಯಿ, ಚುರುಮುರಿ, ಮಿನುಗುವ ಕೊಂಬು ಮಾರುವವರು. ಬಲೂನು ಮಾತ್ರ ಎಲ್ಲೂ ಇಲ್ಲ. ಒಂದು ಗಾಡಿ, ಅದರ ಮೇಲೆ ಬೆತ್ತದ ಬುಟ್ಟಿ, ಪಕ್ಕದಲ್ಲಿ ಮೂರು ಜನ ಸೇರಿ ಎತ್ತಬೇಕಾದಂಥ ಒಂದು ಬಟ್ಟೆಯ ಗಂಟು. ಅಷ್ಟೇ.

ಸಿಬ್ಬಂದಿಯ ಹುಡುಗನೊಬ್ಬ ಕೈಯಲ್ಲಿದ್ದ ಸಣ್ಣ ಬಲೂನು ಬಿಟ್ಟ, ಮಕ್ಕಳ ಹುಟ್ಟುಹಬ್ಬಕ್ಕೆ ಕಟ್ಟುತ್ತಾರಲ್ಲ, ಅಂಥದ್ದು. ಅದು ನೆಟ್ಟಗೆ ಮೇಲೆ ಹೋಗಲಿಲ್ಲ. ಓರೆಯಾಗಿ ರೊಯ್ಯನೆ ಜಾರಿತು. ಪೈಲಟ್ ತಲೆ ಅಲ್ಲಾಡಿಸಿದ. ಹತ್ತು ನಿಮಿಷ ಬಿಟ್ಟು ಇನ್ನೊಂದು, ಆಮೇಲೆ ಇನ್ನೊಂದು. ಮೂರೂ ಓರೆ. ಸಂಜೆಯ ಹಾರಾಟ ಇಲ್ಲ ಅಂತ ಮೈಕಿನಲ್ಲಿ ಹೇಳಿದರು.

ಜನಕ್ಕೆ ಸಿಟ್ಟು. "ಇಷ್ಟು ಗಾಳಿಗೇ ಹಾರಲ್ವಾ? ಗಾಳೀಲಿ ಹಾರೋಕೆ ತಾನೇ ಬಲೂನು?" ಅಂತ ಒಬ್ಬರು ಜೋರು ಮಾಡಿದರು. ನನಗೂ ಅದೇ ಪ್ರಶ್ನೆ ಇತ್ತು, ಕೇಳಲಿಲ್ಲ ಅಷ್ಟೇ. ದೊಡ್ಡಪ್ಪ ನಕ್ಕ. "ರಾಗಿ ತೂರಾಕೆ ಗಾಳಿ ಬೇಕು. ಒಲೆ ಉರಿಸಾಕೆ ಗಾಳಿ ಬ್ಯಾಡ. ಅಷ್ಟೂ ಗೊತ್ತಿಲ್ವಾ ಪ್ಯಾಟೆಯೋರಿಗೆ?"

ನಿಜ ಹೇಳಬೇಕೆಂದರೆ ವಿವರಣೆಯೂ ಹೆಚ್ಚುಕಮ್ಮಿ ಅದೇ. ನೆಲದ ಮೇಲೆ ಅರ್ಧ ಎದ್ದ ಬಲೂನಿಗೆ ಗಾಳಿ ಬೀಸಿದರೆ ಅದು ಹಡಗಿನ ಹಾಯಿ ಆಗಿಬಿಡುತ್ತದೆ. ಬಟ್ಟೆ ಒಂದು ಕಡೆ ಒರಗುತ್ತದೆ, ಬೆಂಕಿ ನೇರ ಬಟ್ಟೆಗೆ ತಾಗುತ್ತದೆ. ಮಧ್ಯಾಹ್ನವಂತೂ ಬೇಡವೇ ಬೇಡ. ಕಾದ ನೆಲದಿಂದ ಬಿಸಿಗಾಳಿ ಗುಳ್ಳೆ ಗುಳ್ಳೆಯಾಗಿ ಏಳುತ್ತಿರುತ್ತದೆ, ಹದ್ದುಗಳು ರೆಕ್ಕೆ ಆಡಿಸದೆ ಸುತ್ತುತ್ತಾ ಮೇಲೇರುವುದು ಅದರ ಮೇಲೆಯೇ. ಬಲೂನಿಗೆ ಅದು ಆಗಿಬರುವುದಿಲ್ಲ. ಅದಕ್ಕೇ ಇವರದ್ದೆಲ್ಲ ಬೆಳಗಿನ ಜಾವ, ಇಲ್ಲವೇ ಸೂರ್ಯ ಇಳಿಯುವ ಹೊತ್ತು.

ಮಾರನೆಯ ದಿನ ಐದೂವರೆಗೆ ಮತ್ತೆ ಹೋದೆವು. ಈ ಸಲ ಚುರುಮುರಿ ಇಲ್ಲ, ಜನವೂ ನೂರು ಇದ್ದರೆ ಜಾಸ್ತಿ. ಹುಲ್ಲಿನ ಮೇಲೆ ಇಬ್ಬನಿ, ಚಪ್ಪಲಿ ಒದ್ದೆ. ಹುಡುಗ ಬಿಟ್ಟ ಸಣ್ಣ ಬಲೂನು ಯಾರೋ ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಹೋಯಿತು. ಪೈಲಟ್ ಮುಖದಲ್ಲಿ ನಗು ಬಂತು.

ಇನ್ನು ಮುಂದಿನ ಅರ್ಧ ಗಂಟೆ ನಾನು ಈ ಬರಹ ಬರೆಯಲು ಕಾರಣ. ಹಾರುವ ಬಲೂನಿನ ಫೋಟೋ ಎಲ್ಲರೂ ನೋಡಿರುತ್ತಾರೆ. ಏಳುವ ಬಲೂನು ಬೇರೆಯೇ ಸಂಗತಿ.

ಮೊದಲು ನೆಲಕ್ಕೆ ಟಾರ್ಪಾಲು ಹಾಸಿದರು. ಬುಟ್ಟಿಯನ್ನು ಪಕ್ಕಕ್ಕೆ ಮಲಗಿಸಿದರು. ಗಂಟು ಬಿಚ್ಚಿ ಬಟ್ಟೆ ಎಳೆಯಲು ಶುರು ಮಾಡಿದರು. ಎಳೆದರು, ಎಳೆದರು, ಮುಗಿಯುವುದೇ ಇಲ್ಲ. ದ್ರೌಪದಿಯ ಸೀರೆ. ಕೆಂಪು, ಹಳದಿ, ನೀಲಿ ಪಟ್ಟೆಗಳ ನೈಲಾನ್ ಬಟ್ಟೆ ಇಪ್ಪತ್ತು ಮೀಟರಿಗೂ ಉದ್ದಕ್ಕೆ ಸೊರಗಿದ ಹಾವಿನ ಪೊರೆ ಥರ ಬಿದ್ದುಕೊಂಡಿತು. ಅದಕ್ಕೂ ಬುಟ್ಟಿಗೂ ಉಕ್ಕಿನ ತಂತಿ ಸಿಕ್ಕಿಸಿದರು. ಸಿಕ್ಕಿಸಿದ್ದನ್ನು ಇನ್ನೊಬ್ಬ ಬಂದು ಎಳೆದು ನೋಡಿದ. ಅವನು ನೋಡಿದ್ದನ್ನು ಪೈಲಟ್ ಮತ್ತೆ ನೋಡಿದ.

ಆಮೇಲೆ ಬಾಯಿ ಹಿಡಿಯಲು ಜನ ಬೇಕು ಅಂದರು. ಸಿಬ್ಬಂದಿ ಕಡಿಮೆ ಇತ್ತು ಅಂತ ಕಾಣುತ್ತೆ. ಹುಡುಗ ನಮ್ಮ ಕಡೆ ನೋಡಿ, "ಮೇಡಂ, ನಿಮ್ದು ಕಾಟನ್ ಡ್ರೆಸ್ಸಾ?" ಅಂದ. ಜೀವನದಲ್ಲಿ ಅಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹೌದು ಅಂದೆ. ವೇಲ್ ತೆಗೆದಿಡಿ, ಕೂದಲು ಗಂಟು ಹಾಕಿಕೊಳ್ಳಿ ಅಂದ. ಬೆಂಕಿಯ ಪಕ್ಕ ನಿಲ್ಲುವವರಿಗೆ ನೈಲಾನ್ ಕರಗಿ ಮೈಗೆ ಅಂಟುವ ಬಟ್ಟೆ, ಹತ್ತಿ ಹಾಗಲ್ಲ. ನನ್ನ ಕೈಗೆ ದಪ್ಪ ಗ್ಲೌಸ್ ಬಂತು. ಮಗನಿಗೆ ವಯಸ್ಸು ಸಾಲದು ಅಂತ ಬಿಟ್ಟರು, ಅವನು ಆ ದಿನ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ.

ನಾನೊಂದು ಕಡೆ, ಇನ್ನೊಬ್ಬರು ಆ ಕಡೆ. ಬಲೂನಿನ ಬಾಯಿಯ ಅಂಚನ್ನು ಎತ್ತಿ ಅಗಲಿಸಿ ಹಿಡಿದೆವು, ಮೂಟೆಗೆ ರಾಗಿ ತುಂಬುವಾಗ ಹಿಡಿಯುವ ಹಾಗೆ. ನಮ್ಮ ನಡುವೆ ಪೆಟ್ರೋಲ್ ಎಂಜಿನ್ನಿನ ದೊಡ್ಡ ಫ್ಯಾನ್ ಇಟ್ಟು ಚಾಲೂ ಮಾಡಿದರು. ಬರೀ ತಣ್ಣನೆ ಗಾಳಿ. ಬೆಂಕಿ ಇನ್ನೂ ಇಲ್ಲ. ಬಟ್ಟೆ ಮೊದಲು ಸುಮ್ನೆ ಮಿಸುಕಿತು. ಆಮೇಲೆ ಒಂದು ಮಡಿಕೆ ಬಿಚ್ಚಿಕೊಂಡಿತು, ಇನ್ನೊಂದು ಬಿಚ್ಚಿಕೊಂಡಿತು. ನೋಡುತ್ತಾ ನೋಡುತ್ತಾ ಮಲಗಿದ ಕಡೆಯೇ ಅದಕ್ಕೆ ಹೊಟ್ಟೆ ಬಂತು, ಬೆನ್ನು ಬಂತು. ಒಳಗೆ ಒಂದು ಮನೆಯಷ್ಟು ಜಾಗ ಆಯಿತು. ಪೈಲಟ್ ಒಳಗೇ ನಡೆದುಕೊಂಡು ಹೋದ. ಸೂರ್ಯ ಆಗಷ್ಟೇ ಮೂಡಿದ್ದ, ಬಟ್ಟೆಯ ಮೂಲಕ ಬೆಳಕು ಬಂದು ಅವನ ಬಿಳಿ ಅಂಗಿ ಒಂದು ಹೆಜ್ಜೆಗೆ ಕೆಂಪು, ಮುಂದಿನ ಹೆಜ್ಜೆಗೆ ಹಳದಿ. ಬಾಯಲ್ಲಿ ನಿಂತಿದ್ದ ನನಗೆ ಇದೆಲ್ಲ ಕಾಣುತ್ತಿತ್ತು. ಟಿಕೆಟ್ ತಗೊಂಡವರಿಗೆ ಕಾಣಲಿಲ್ಲ.

ಬಲೂನಿನ ನೆತ್ತಿಯಲ್ಲಿ ಒಂದು ದೊಡ್ಡ ದುಂಡನೆ ತೂತು ಇರುತ್ತದೆ. ಅದನ್ನು ಒಳಗಿನಿಂದ ಕೊಡೆಯಂಥ ಬಟ್ಟೆಯೊಂದು ಮುಚ್ಚಿರುತ್ತದೆ. ಹಗ್ಗ ಎಳೆದರೆ ಅದು ಇಳಿದು ಬಿಸಿಗಾಳಿ ಹೊರಗೆ ಹೋಗುತ್ತದೆ, ಬಿಟ್ಟರೆ ಒಳಗಿನ ಒತ್ತಡವೇ ಅದನ್ನು ಮತ್ತೆ ಮುಚ್ಚುತ್ತದೆ. ಪೈಲಟ್ ಒಳಗೆ ಹೋಗಿದ್ದು ಅದನ್ನು ನೋಡಲು.

ಅವನು ವಾಪಸ್ ಬಂದು ಬರ್ನರ್ ಹಿಡಿದ. ಕೈ ಗಟ್ಟಿ ಹಿಡಿಯಿರಿ ಅಂದ. ಹಿಡಿಯದೇ ಇರಲು ಸಾಧ್ಯವೇ ಇಲ್ಲ ಬಿಡಿ. ಆ ಶಬ್ದ! ಸಿಲಿಂಡರಿನಿಂದ ದ್ರವದ ರೂಪದಲ್ಲೇ ಬರುವ ಪ್ರೋಪೇನ್, ಬರ್ನರಿನ ಸುರುಳಿ ಕೊಳವೆಯಲ್ಲಿ ಕಾದು ಅನಿಲವಾಗಿ, ಆಳೆತ್ತರಕ್ಕೂ ಮಿಗಿಲಾದ ಜ್ವಾಲೆಯಾಗಿ ನಮ್ಮಿಬ್ಬರ ನಡುವೆ ನುಗ್ಗಿತು. ಮುಖದ ಒಂದು ಭಾಗ ಸುಟ್ಟ ಹಾಗೆ ಬಿಸಿ. ಎರಡು ಸೆಕೆಂಡು, ಬಂದ್. ಮತ್ತೆ ಮೂರು ಸೆಕೆಂಡು, ಬಂದ್. ಅಷ್ಟರಲ್ಲಿ ಆ ತುದಿಯಲ್ಲಿ ನೆತ್ತಿಯ ಹಗ್ಗ ಹಿಡಿದು ಹಿಂದಕ್ಕೆ ವಾಲಿ ನಿಂತಿದ್ದ ಹುಡುಗ ಒಂದೊಂದೇ ಹೆಜ್ಜೆ ಮುಂದೆ ಬರತೊಡಗಿದ. ಬಲೂನು ಏಳುತ್ತಿತ್ತು. ತಟ್ಟನೆ ಎದ್ದು ಬಿಡದಂತೆ ತಡೆಯುವುದು ಅವನ ಕೆಲಸ, ಮೂಗುದಾರ ಹಿಡಿದ ಹಾಗೆ.

ಬಟ್ಟೆ ನಮ್ಮ ಕೈಯಿಂದ ಮೇಲಕ್ಕೆ ಹೋಯಿತು, ಬುಟ್ಟಿ ತಾನಾಗೇ ನೆಟ್ಟಗಾಯಿತು. ತಲೆ ಎತ್ತಿ ನೋಡಿದರೆ ಏಳು ಅಂತಸ್ತಿನ ಕಟ್ಟಡದಷ್ಟು ಎತ್ತರದ ಬಣ್ಣ. ಹತ್ತು ನಿಮಿಷದ ಹಿಂದೆ ಇದರ ಮೇಲೆ ಕಾಲಿಡಬಾರದು ಅಂತ ಸುತ್ತಿಕೊಂಡು ನಡೆದಿದ್ದೆ.

ಹಿಂತಿರುಗಿ ದೊಡ್ಡಪ್ಪನ ಹತ್ತಿರ ಬಂದಾಗ ಅವನು ಕೇಳಿದ್ದು ಒಂದೇ. "ಒಗೆ ತುಂಬ್ತಾವ್ರಾ ಮಗಾ ಒಳಿಕ್ಕೆ?"

ಹೊಗೆ ಅಲ್ಲ, ಬರೀ ಬಿಸಿಗಾಳಿ ದೊಡ್ಡಪ್ಪ ಅಂದೆ, ದೊಡ್ಡ ವಿಜ್ಞಾನಿ ಥರ. ಮನೆಗೆ ಬಂದು ಓದಿದ ಮೇಲೆ ನಾಚಿಕೆ ಆಯಿತು. ಈ ಬಲೂನನ್ನು ಮೊದಲು ಮಾಡಿದವರೂ ಅದನ್ನೇ ಅಂದುಕೊಂಡಿದ್ದರು! ಫ್ರಾನ್ಸಿನ ಆನೊನೆ ಊರಿನ ಮಾಂಟ್‌ಗಾಲ್ಫಿಯೆ ಅಣ್ಣತಮ್ಮಂದಿರು, ಕಾಗದ ಮಾಡುವ ಮನೆತನ. ಬಟ್ಟೆ, ಕಾಗದ ಸೇರಿಸಿ, ಅಂಗಿಗೆ ಹಾಕುವ ಹಾಗೆ ಗುಂಡಿ ಹಾಕಿ ಜೋಡಿಸಿದ ಚೀಲವನ್ನು 1783ರ ಜೂನ್ 4ರಂದು ಊರವರ ಮುಂದೆ ಹಾರಿಸಿದರು. ಒದ್ದೆ ಹುಲ್ಲು, ಉಣ್ಣೆ ಸುಟ್ಟು ದಟ್ಟ ಹೊಗೆ ಎಬ್ಬಿಸುತ್ತಿದ್ದರು. ಮೇಲೆತ್ತುವ ಶಕ್ತಿ ಆ ಹೊಗೆಯಲ್ಲೇ ಇದೆ ಅಂತ ಅವರ ನಂಬಿಕೆ. ಅಂದರೆ ದೊಡ್ಡಪ್ಪ ತಪ್ಪು ಹೇಳಿದರೂ ಒಳ್ಳೆಯವರ ಸಾಲಿನಲ್ಲೇ ನಿಂತು ಹೇಳಿದ್ದ. ಆ ಸೆಪ್ಟೆಂಬರಿನಲ್ಲಿ ವರ್ಸೈಲ್ಸ್ ಅರಮನೆಯಲ್ಲಿ ರಾಜನ ಮುಂದೆ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಹಾರಿದವು. ನವೆಂಬರ್ 21ಕ್ಕೆ ಪ್ಯಾರಿಸಿನಲ್ಲಿ ಇಬ್ಬರು ಮನುಷ್ಯರು. ಆ ಇಬ್ಬರು ಹಾರುತ್ತಲೇ ಹುಲ್ಲಿನ ಕಂತೆ ಬೆಂಕಿಗೆ ಹಾಕುತ್ತಾ, ಬಟ್ಟೆಗೆ ಹತ್ತಿದ ಕಿಡಿಯನ್ನು ಒದ್ದೆ ಸ್ಪಂಜಿನಲ್ಲಿ ಆರಿಸುತ್ತಾ ಸುಮಾರು 25 ನಿಮಿಷ ಇದ್ದರು. ನಮ್ಮ ಕಡೆ ಹಿಂದಿನ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡು ಟಿಪ್ಪು ಪಟ್ಟಕ್ಕೆ ಬಂದಿದ್ದ, ಆ ವರ್ಷ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಅವನ ಸೈನ್ಯ ಆಕಾಶಕ್ಕೆ ಬಿಡುತ್ತಿದ್ದ ಬೆಂಕಿ ಬೇರೆ ಥರದ್ದು, ಕಬ್ಬಿಣದ ಕೊಳವೆಯ ರಾಕೆಟ್ಟು.

ಹೊಗೆ ಅಲ್ಲದಿದ್ದರೆ ಎತ್ತುವುದು ಏನು? ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ಅದೇ ಬಾಯಿಯಿಂದ ಹೊರಗೆ ಹೋಗುತ್ತದೆ, ಒಳಗೆ ಉಳಿದದ್ದು ಹಗುರ. ಇಷ್ಟು ಶಾಲೆಯಲ್ಲೇ ಓದಿದ್ದೆವು. ಆದರೆ ಲೆಕ್ಕ ಹಾಕಿ ನೋಡಿದಾಗ ನಾನು ಬೆಚ್ಚಿಬಿದ್ದೆ. ಮೂರು ನಾಲ್ಕು ಜನ ಹೋಗುವ ಬಲೂನಿನೊಳಗೆ ಸುಮಾರು 2,200 ಘನ ಮೀಟರ್ ಜಾಗ ಇರುತ್ತದೆ. ಮೈಸೂರಿನ ಬೆಳಗಿನ ತಂಪಿನಲ್ಲಿ ಅಷ್ಟು ಗಾಳಿಯ ತೂಕ ಹತ್ತಿರ ಹತ್ತಿರ 2,400 ಕಿಲೋ. 100 ಡಿಗ್ರಿಗೆ ಕಾಯಿಸಿದ ಮೇಲೂ ಒಳಗೆ 1,900 ಕಿಲೋ ಗಾಳಿ ಉಳಿದಿರುತ್ತದೆ. ಹಗುರ ಅಂತ ನಾವು ಅನ್ನುವ ಬಲೂನಿನ ಹೊಟ್ಟೆಯಲ್ಲಿ ಎರಡು ಟನ್ ಹತ್ತಿರ ಭಾರ! ಅದು ಹಾರುವುದು ಆ ನಡುವಿನ 500 ಕಿಲೋ ವ್ಯತ್ಯಾಸದಲ್ಲಿ. ಆ 500ರಲ್ಲೇ ಬಟ್ಟೆ, ಬುಟ್ಟಿ, ಸಿಲಿಂಡರ್, ಜನ ಎಲ್ಲ ಬರಬೇಕು. ನಮ್ಮ ಚಿನ್ನದ ಅಂಬಾರಿ 750 ಕಿಲೋ. ಅದನ್ನು ಈ ಬಲೂನು ಎತ್ತಲಾರದು. ಆನೆ ಅದನ್ನು ಹೊತ್ತು ಬನ್ನಿಮಂಟಪದವರೆಗೆ ನಡೆಯುತ್ತದೆ. ಇದನ್ನು ಹೇಳಿದಾಗ ಮಗ ಮೌನವ್ರತ ಮುರಿದು, "ಆನೆನೇ ಗ್ರೇಟ್" ಅಂದ.

ಆ ಬೆಳಿಗ್ಗೆ ಬಯಲಿನಲ್ಲಿ ಮೊದಮೊದಲು ಬಲೂನನ್ನು ಹಗ್ಗ ಕಟ್ಟಿಯೇ ಏರಿಸಿ ಇಳಿಸಿದರು. ಮೂರು ಕಡೆ ಗಾಡಿಗಳಿಗೆ ಹಗ್ಗ. ಜನ ಹತ್ತಿ, ನಾಲ್ಕೈದು ಮಹಡಿ ಮೇಲೆ ಹೋಗಿ, ಸೆಲ್ಫಿ ತೆಗೆದು ಇಳಿದರು. ನಾನೂ ಹತ್ತಿದೆ. ಬೆಟ್ಟ ಕಂಡಿತು, ಅರಮನೆಯ ಗುಮ್ಮಟ ಕಂಡಿತು, ನೆತ್ತಿ ಕಾದಿತು. ಚೆನ್ನಾಗಿತ್ತು. ಬಾಯಿ ಹಿಡಿದಷ್ಟು ಚೆನ್ನಾಗಿರಲಿಲ್ಲ.

ದೊಡ್ಡಪ್ಪ ಹತ್ತಲಿಲ್ಲ. ಅವನು ಒಂದು ಕಲ್ಲಿನ ಮೇಲೆ ಕೂತು ಬರ್ನರನ್ನೇ ನೋಡುತ್ತಿದ್ದ. ಸಿಬ್ಬಂದಿಯ ಹುಡುಗ ಪಕ್ಕ ಬಂದಾಗ, "ಅಲ್ಲಪ್ಪಾ, ಅದು ಇನ್ನೂ ಮ್ಯಾಲೇ ಐತೆ, ಈಗ್ಯಾಕೆ ಉರಿ ಕೊಟ್ಟ?" ಅಂತ ಕೇಳಿದ. ಹುಡುಗ ಸ್ವಲ್ಪ ಹೊತ್ತು ಅವನ ಮುಖ ನೋಡಿದ. ಆಮೇಲೆ ಹೇಳಿದ: ಈಗ ಕೊಟ್ಟ ಬೆಂಕಿ ಈಗಲೇ ಕೆಲಸ ಮಾಡಲ್ಲ ತಾತ. ಅಷ್ಟು ಗಾಳಿ ಕಾಯೋಕೆ ಟೈಮ್ ಬೇಕು. ಕೆಳಗೆ ಬರೋಕೆ ಶುರುವಾದ ಮೇಲೆ ಉರಿ ಕೊಟ್ಟರೆ ಲೇಟು, ಆಮೇಲೆ ಗಾಬರಿಯಿಂದ ಜಾಸ್ತಿ ಕೊಟ್ಟರೆ ಜಾಸ್ತಿ ಮೇಲೆ ಹೋಗುತ್ತೆ. ಹೊಸ ಪೈಲಟ್‌ಗಳು ಹೀಗೇ ಏಣಿ ಹತ್ತಿ ಇಳಿದ ಹಾಗೆ ಹಾರಿಸುತ್ತಾರೆ. ಹಳಬರದು ನೂಲಿನಂತೆ ನೇರ.

ದೊಡ್ಡಪ್ಪನ ಮುಖ ನೋಡಬೇಕಿತ್ತು. "ಅಂಗೇ! ಒಲೆನೂ ಅಂಗೇ ಕಣಪ್ಪಾ" ಅಂತ ಶುರು ಮಾಡಿದ. ಆಲೆಮನೆಯಲ್ಲಿ ಉರಿ ಹಾಕುವವನಿಗೆ ಕೊಪ್ಪರಿಗೆ ಕಾಣುವುದಿಲ್ಲ. ಅವನು ಕೆಳಗೆ, ಪಾಕ ಮೇಲೆ. ಪಾಕ ನೋಡುವವನು ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಹದ ಬಂತು ಅಂತ ಕೂಗುತ್ತಾನೆ. "ಅವ್ನು ಕೂಗಿದ್ಮ್ಯಾಲೆ ಉರಿ ನಿಲ್ಸುದ್ರೆ ಬೆಲ್ಲ ಕರ‍್ರಗಾಯ್ತದೆ. ಒಲೆ ಗ್ವಾಡೆ ಕಾದಿರ‍್ತದಲ್ಲ, ಅದು ನನ್ ಮಾತು ಕೇಳ್ತದಾ? ಅವ್ನು ಕೂಗೋಕ್ ಮುಂಚೆನೇ ನಾನು ಕೈ ಎಳ್ಕೊಂಡಿರ‍್ಬೇಕು."

ಹಾಗಾದರೆ ಯಾವಾಗ ಕೈ ಎಳೆಯಬೇಕು ಅಂತ ಗೊತ್ತಾಗುವುದು ಹೇಗೆ ಅಂತ ಹುಡುಗ ಕೇಳಿದ. ಕುದಿಯುವ ಸದ್ದು ಬದಲಾಗುತ್ತದಂತೆ. ಹಾಲು ಇರುವಾಗ ಒಂದು ಸದ್ದು, ಗಟ್ಟಿಯಾಗುತ್ತಾ ಬಂದಾಗ ಗೊಜಗೊಜ ಅನ್ನುವ ಇನ್ನೊಂದು ಸದ್ದು. ಕಬ್ಬಿನ ರಸಕ್ಕೆ ನಮ್ಮ ಕಡೆ ಹಾಲು ಅಂತಲೇ ಅನ್ನುವುದು. ಮೂವತ್ತು ವರ್ಷ ಅವನು ಬೆಂಕಿ ನೋಡುತ್ತಾ ಕೂತಿದ್ದಾನೆ ಅಂದುಕೊಂಡಿದ್ದೆ. ಅವನು ಕೇಳುತ್ತಾ ಕೂತಿದ್ದ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಬೆಲ್ಲದ ಪಾಕ ಒಲೆಯಿಂದ ಇಳಿಸುವ ಹದ ಬರುವುದು 115ರಿಂದ 118 ಡಿಗ್ರಿಯಲ್ಲಿ. ಬಲೂನಿನ ನೈಲಾನ್ ಬಟ್ಟೆ ದಿನವೂ ತಡೆಯುವ ಬಿಸಿಯ ಮಿತಿ 120ರ ಹತ್ತಿರ. ಎರಡೂ ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಲ್ಲುತ್ತವೆ. ಬಲೂನಿನ ನೆತ್ತಿಯಲ್ಲಿ ಬಿಸಿ ಅಳೆಯುವ ಸಾಧನ ಇದೆ. ಆಲೆಮನೆಯಲ್ಲಿ ಬೆರಳು ಇದೆ.

ಕೊನೆಗೆ ಒಂದು ಸಲ ಹಗ್ಗ ಬಿಚ್ಚಿ ಹಾರಿಸಿದರು. ಪೈಲಟ್ ಮತ್ತೆ ಇಬ್ಬರು. ಬುಟ್ಟಿಯ ಅಂಚನ್ನು ನಾಲ್ಕು ಜನ ಹಿಡಿದಿದ್ದರು. ಪೈಲಟ್ ಎರಡು ಸಲ ಉರಿ ಕೊಟ್ಟು, ಕೈ ಬಿಡಿ ಅಂದ. ಬುಟ್ಟಿ ಏಳಲಿಲ್ಲ. ಕೈ ಹಿಡಿಯಿರಿ ಅಂದ. ಇನ್ನೊಂದು ಉರಿ. ಕೈ ಬಿಡಿ ಅಂದ. ನಡುವೆ ಒಂದು ಚಪ್ಪಲಿ ತೂರುವಷ್ಟು ಸಂದಿ ಕಂಡಿತು. ಆಮೇಲೆ ಒಂದು ಕುರ್ಚಿಯಷ್ಟು. ಸದ್ದಿಲ್ಲ, ಜರ್ಕ್ ಇಲ್ಲ. ಅದು ಹಾರಿತು ಅನ್ನುವುದಕ್ಕಿಂತ ನೆಲವೇ ಅದರಿಂದ ಕೆಳಗೆ ಇಳಿಯಿತು ಅನ್ನಿಸಿತು. ಯಾರೋ ಶಿಳ್ಳೆ ಹೊಡೆದರು. ಬೀದಿ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

ಬಲೂನಿಗೆ ಸ್ಟೇರಿಂಗ್ ಇಲ್ಲ. ಒಂದು ಎತ್ತರದಲ್ಲಿ ಗಾಳಿ ಒಂದು ಕಡೆ ಹೋಗುತ್ತಿರುತ್ತದೆ, ಇನ್ನೂರು ಅಡಿ ಮೇಲೆ ಇನ್ನೊಂದು ಕಡೆ. ಬೇಕಾದ ಗಾಳಿ ಸಿಗುವವರೆಗೆ ಏರುವುದು, ಇಳಿಯುವುದು. ಅಮೆರಿಕದ ಆಲ್ಬುಕರ್ಕಿಯಲ್ಲಿ ನಮ್ಮ ದಸರಾ ಬರುವ ಅಕ್ಟೋಬರಿನಲ್ಲೇ ದೊಡ್ಡ ಬಲೂನು ಹಬ್ಬ ನಡೆಯುತ್ತದೆ, 1972ರಲ್ಲಿ 13 ಬಲೂನುಗಳಿಂದ ಶುರುವಾಗಿದ್ದು. ಅಲ್ಲಿ ಕೆಳಗಿನ ಗಾಳಿಯಲ್ಲಿ ಒಂದು ದಿಕ್ಕಿಗೆ ಹೋಗಿ, ಮೇಲಿನ ಗಾಳಿ ಹಿಡಿದು ಹೊರಟ ಜಾಗಕ್ಕೇ ವಾಪಸ್ ಬರುವವರೂ ಇದ್ದಾರೆ. ಬುಟ್ಟಿಯೊಳಗೆ ಇರುವವರಿಗೆ ಗಾಳಿ ಬೀಸಿದ್ದೇ ಗೊತ್ತಾಗುವುದಿಲ್ಲ, ಯಾಕೆಂದರೆ ಅವರೂ ಗಾಳಿಯ ಜೊತೆಗೇ ಹೋಗುತ್ತಿರುತ್ತಾರೆ. ಎಲ್ಲಿ ಇಳಿಯುತ್ತಾರೆ ಅಂತ ಮಾತ್ರ ಮುಂಚೆ ಹೇಳಲು ಆಗದು. ಅದಕ್ಕೇ ಜೀಪೊಂದು ಕೆಳಗಿನಿಂದ ಬೆನ್ನು ಹತ್ತಿಕೊಂಡು ಹೋಗುತ್ತದೆ.

ನಮ್ಮ ಬಲೂನು ತಿ. ನರಸೀಪುರ ರಸ್ತೆಯ ಕಡೆ ಜರುಗಿತು. "ಯಾರ್ ಗದ್ದೆಗೆ ಇಳಿತಾನೋ" ಅಂದ ದೊಡ್ಡಪ್ಪ. "ಬತ್ತ ತೆನೆ ಕಟ್ಟೋ ಟೈಮು. ಗದ್ದೆಯೋನು ಸುಮ್ಕಿರ‍್ತಾನಾ?" ಸುಮ್ಮನಿರದ ಕತೆಯೂ ಇದೆ. 1783ರ ಆಗಸ್ಟಿನಲ್ಲಿ ಪ್ಯಾರಿಸಿನಿಂದ ಹಾರಿಸಿದ ಹೈಡ್ರೋಜನ್ ಬಲೂನೊಂದು ಗೊನೆಸ್ ಎಂಬ ಹಳ್ಳಿಯಲ್ಲಿ ಬಿತ್ತು. ಊರವರು ಅದೇನೋ ಭೂತ ಅಂತ ಕವೆಗೋಲು ತಗೊಂಡು ಚುಚ್ಚಿ ಹರಿದು ಹಾಕಿದರು. ಅದರೊಳಗೆ ಯಾರೂ ಇರಲಿಲ್ಲ, ಪುಣ್ಯ.

ಸೂರ್ಯ ಮೇಲೆ ಬಂದಿದ್ದ. ಬಲೂನು ಒಂದು ನಿಂಬೆಹಣ್ಣಿನಷ್ಟಾಯಿತು. ಜನ ಚದುರಿದರು. ಟಾರ್ಪಾಲು ಮಡಿಸುತ್ತಿದ್ದ ಹುಡುಗರು ಬಿಟ್ಟರೆ ಉಳಿದವರು ನಾವು ಮೂವರೇ. ಹೋಗೋಣ ಅಂದೆ. ದೊಡ್ಡಪ್ಪ ಕೈ ಎತ್ತಿ ಇರು ಅಂದ. ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

"ಈಗ" ಅಂದ.

ಏನೂ ಆಗಲಿಲ್ಲ. ಮಗ ನಕ್ಕ. ಸ್ವಲ್ಪ ಹೊತ್ತಾದ ಮೇಲೆ ಬಲೂನಿನ ಬುಡದಲ್ಲಿ ಸಣ್ಣ ಕಿಡಿ ಮಿನುಗಿತು, ಆಮೇಲೆ ಸದ್ದು ತೇಲಿ ಬಂತು.

"ತಡ ಮಾಡ್ದ" ಅಂದ ದೊಡ್ಡಪ್ಪ. ಮತ್ತೆ ನೋಡುತ್ತಾ ನಿಂತ. ನಾವೂ ನಿಂತೆವು. ಎಷ್ಟು ಹೊತ್ತೋ ಗೊತ್ತಿಲ್ಲ, ಇಪ್ಪತ್ತು ಎಣಿಸುವಷ್ಟು ಇರಬಹುದು.

"ಈಗ."

ಕಿಡಿ ಮಿನುಗಿತು. ಮಗ ನನ್ನ ಕಡೆ ತಿರುಗಿ ಬಾಯಿ ಬಿಟ್ಟ. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ಟೀ ಎಲ್ಲಿ ಸಿಕ್ಕುತ್ತೆ ಅಂತ ಆಗಲೇ ನಡೆಯಲು ಶುರು ಮಾಡಿದ್ದ.